ಭಾವನ ಕುರ್ಚಿ ಎಲ್ಲಿಯವರೆಗೆ?

ಆ ಸಲ ಆಲೂಗಡ್ಡೆ ಚೆನ್ನಾಗಿಯೇ ಬಂದಿತ್ತು. ಆದರೆ ಬೆಳೆಗಾರರ ಮಂಡಳಿ, ಮಾರುವ ಗಡ್ಡೆಯ ಗಾತ್ರ ಅಳೆಯುವ ಜರಡಿಯ ಕಣ್ಣು ದೊಡ್ಡದು ಮಾಡಿಸಿತ್ತು. ಅರ್ಧಕ್ಕರ್ಧ ಗಡ್ಡೆ ಜರಡಿಯ ಕೆಳಗೆ ಬಿತ್ತು, ಬಿದ್ದದ್ದನ್ನು ಯಾರೂ ಕೊಳ್ಳಲಿಲ್ಲ. ಬುಟ್ಟಿಯ ಮುಂದೆ ಕೂತ ಅನುಮಾನದಕ್ಕನಿಗೆ ಅಳುವೇ ಬಂತು.

ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಹಾಲಿಗೆ ನೀರು ಬೆರೆಸಿಲ್ಲ ಎಂದರೆ, ಹಾಗಾದರೆ ನೀರಿಗೇ ಹಾಲು ಬೆರೆಸಿರಬೇಕು ಎನ್ನುವವಳು. ಮಂಡಳಿಯ ಸದಸ್ಯತ್ವದ ಅರ್ಜಿ ಎರಡು ಸಲ ಮನೆಗೆ ಬಂದಿತ್ತು. ಸಹಿ ಹಾಕಿದರೆ ಜಮೀನು ಹೋಗುತ್ತದೆಂದು ಎರಡು ಸಲವೂ ವಾಪಸ್ ಕಳಿಸಿದ್ದಳು.

ಮೂರನೇ ಅರ್ಜಿಯನ್ನು ಪಕ್ಕದ ಮನೆಯ ಟೈಲರಮ್ಮ ತಂದಳು. ಇದರಲ್ಲಿ ನಿನಗೇನು ಲಾಭ ಎಂದು ಅನುಮಾನದಕ್ಕ ಕೇಳಿಯೇಬಿಟ್ಟಳು.

"ನಂದೂ ಅರ್ಧ ಎಕರೆ ಗಡ್ಡೆ ಜರಡಿ ಕೆಳಗೇ ಬಿದ್ದಿದೆಯಲ್ಲಕ್ಕ," ಎಂದಳು ಟೈಲರಮ್ಮ.

ಅವಳು ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿಸಿದಳು. ಬೆಳೆದವರು ಯಾರೇ ಆಗಲಿ, ಹೆಂಗಸರಾಗಲಿ, ಗುತ್ತಿಗೆಯವರಾಗಲಿ, ಸದಸ್ಯರಾಗಬಹುದು. ಬೆಳೆಯದೆ ಬರೀ ವ್ಯಾಪಾರ ಮಾಡುವವರಿಗೆ ಜಾಗವಿಲ್ಲ. ಸಹಿಗೂ ಜಮೀನಿಗೂ ಸಂಬಂಧವೇ ಇಲ್ಲ. ಮಂಡಳಿಗೆ ಪ್ರತಿನಿಧಿಯನ್ನು ಆರಿಸುವವರು ಈ ಸದಸ್ಯರೇ.

ಈಗಿನ ಪ್ರತಿನಿಧಿ ಅನುಮಾನದಕ್ಕನ ಭಾವ, ಗಂಡನ ಅಣ್ಣ. ಅವರ ಹೊಲದ ಗಡ್ಡೆಗಳೆಲ್ಲ ದಪ್ಪ. ಮಂಡಳಿಗೆ ಹೇಳಿ ಜರಡಿ ಬದಲಾಯಿಸಿದವರೂ ಅವರೇ. ಹಿಂದಿನ ಪ್ರತಿನಿಧಿ ಅವಧಿಯ ನಡುವೆ, ಎರಡು ವರ್ಷ ಕಳೆದ ಮೇಲೆ ತೀರಿಕೊಂಡಾಗ ಆ ಕುರ್ಚಿಗೆ ಬಂದವರು.

"ಭಾವ ಬಂದು ಒಂದೇ ವರ್ಷ ಆಯ್ತು. ಇನ್ನೂ ಎರಡು ವರ್ಷ ಇದೆ ಅಂತಾರಲ್ಲ?"

"ಇಳಿದು ಹೋದವರ ಸೀಟಲ್ಲಿ ಕೂತರೆ ಬಸ್ಸು ಕೊನೇ ಸ್ಟಾಪು ದಾಟಿ ಹೋಗುತ್ತಾ ಅಕ್ಕ? ಅವಧಿ ಮೂರು ವರ್ಷ. ನಡುವೆ ಬಂದವರಿಗೆ ಉಳಿದದ್ದಷ್ಟೇ. ಅದು ಈ ತಿಂಗಳಿಗೆ ಮುಗೀತು."

ಅನುಮಾನದಕ್ಕ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುದ್ರೆ ನೋಡಿದಳು, ಇನ್ನೊಮ್ಮೆ ಓದಿದಳು. ಭಾವನ ಮೇಲೆ ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಅಣ್ಣನ ಎದುರು ಎಂದೂ ಬಾಯಿ ಬಿಡದ ಗಂಡ, ನಮಗ್ಯಾಕೆ ಊರ ಉಸಾಬರಿ ಎಂದ. ಅವಳು ಸಹಿ ಹಾಕಿದಳು.

ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ಭಾವನ ಅವಧಿ ಮುಗಿಯಿತಲ್ಲ, ಚುನಾವಣೆ ಯಾವತ್ತು ಎಂದು ಕೇಳಿದಳು. ಭಾವನ ಮುಖ ಸಪ್ಪಗಾಯಿತು.

"ಮನೆಯವಳೇ ಹೀಗೆ ಕೇಳಿದರೆ ಹೇಗಮ್ಮ?"

"ಮನೇಲಿ ನಿಮ್ಮ ಮಾತು ಮೀರಲ್ಲ ಭಾವ. ಇಲ್ಲಿ ನಾನು ಸದಸ್ಯೆ."

ಮಂಡಳಿಯ ಗುಮಾಸ್ತರು ಪುಸ್ತಕ ನೋಡಿ ಚುನಾವಣೆಗೆ ಮುಂದಿನ ತಿಂಗಳ ತಾರೀಖು ಬರೆದುಕೊಂಡರು. ಹಿಂದಿನ ಸಾಲಿನಿಂದ ಅವಳ ಗಂಡ ಮೆಲ್ಲಗೆ, ನನಗೂ ಒಂದು ಅರ್ಜಿ ಕೊಡಿ ಎಂದ.

ನಿಮಗೂ ಅನುಮಾನವೇ? ಒಳ್ಳೆಯದು, ಅದನ್ನು ಮನೆಯಲ್ಲಿಟ್ಟು ಕೊಳೆಸಬೇಡಿ. ನಿಮ್ಮ ಮಂಡಳಿಯ ನಿಯಮದ ಪುಸ್ತಕ ಕೇಳಿ ತನ್ನಿ. ಯಾರು ಸದಸ್ಯರಾಗಬಹುದು, ಯಾರ ಅವಧಿ ಎಂದಿಗೆ ಮುಗಿಯುತ್ತದೆ, ನೀವೇ ಓದಿ. ಮೊದಲು ಸದಸ್ಯರಾಗಿ. ಆಮೇಲೆ ಸಭೆಯಲ್ಲಿ ಎದ್ದು ನಿಂತು ಕೇಳಿ, ಎದುರಿಗೆ ಕೂತವರು ಭಾವನೇ ಆಗಿದ್ದರೂ.