ಹಡಗಿನವರಿಗೆ ತೋರಿಸುವ ತವರು

ವಿಧಾನಸೌಧದ ಎದುರು ನಿಂತು ಲತಾಮಣಿ ಕೊಡೆ ಎತ್ತಿ ಹಿಡಿದಿದ್ದಳು. ಬಿಸಿಲಿಗಲ್ಲ, ಹಡಗಿನವರು ತಪ್ಪಿಸಿಕೊಳ್ಳದಿರಲಿ ಎಂದು. ವಿದೇಶಿ ಪ್ರವಾಸಿಗರ ಹಡಗು ಅವರನ್ನು ಚೆನ್ನೈನಲ್ಲಿ ಇಳಿಸಿ ಸಮುದ್ರ ಸುತ್ತಿಕೊಂಡು ಕೊಚ್ಚಿ ಸೇರುವಷ್ಟರಲ್ಲಿ, ಇವರು ಬೆಂಗಳೂರು ನೋಡಿ ಸಂಜೆಗೆ ಮೈಸೂರು ಮುಟ್ಟಬೇಕು. ರಾಜಧಾನಿಯ ಪಾಲಿಗೆ ಸಿಕ್ಕುವುದು ಅರ್ಧ ದಿನ. ಅದರಲ್ಲೇ ವಿಧಾನಸೌಧ, ಟಿಪ್ಪುವಿನ ಬೇಸಿಗೆ ಅರಮನೆ, ಲಾಲ್‌ಬಾಗಿನ ಬಂಡೆ. ಹೆಚ್ಚಿನವರು ಎಪ್ಪತ್ತು ದಾಟಿದವರು. ಎಲ್ಲಿಗೆ ಹೋದರೂ ಅವರ ಮೊದಲ ಪ್ರಶ್ನೆ ಶೌಚಾಲಯ ಎಲ್ಲಿದೆ ಎನ್ನುವುದು.

"ಆ ನಸುಗೆಂಪು ಕಲ್ಲು ಮಾಗಡಿ ಕಡೆಯದು, ನಮ್ಮ ಜಿಲ್ಲೆಯದು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಮಧ್ಯಾಹ್ನ ಆ ಕಡೆಗೇ, ನಮ್ಮ ತಾಯಿಯ ಮನೆಗೆ ಹೋಗುತ್ತೇವೆ."

ಎಲ್ಲರ ಮುಖ ಅರಳಿತು. ವಿಧಾನಸೌಧಕ್ಕೆ ಅರಳಿರಲಿಲ್ಲ.

ತಾಯಿ ಸತ್ತಾಗ ಲತಾಮಣಿಗೆ ಇನ್ನೂ ನೆನಪು ಕೂಡುವ ವಯಸ್ಸಲ್ಲ. ಬೆಳೆದದ್ದು ಕನಕಪುರದ ಹಾಸ್ಟೆಲಿನಲ್ಲಿ. ಕಟ್ಟಿಕೊಂಡವನು ಬೇರೆ ಸಂಸಾರ ಹೂಡಿದ್ದ. ‘ಗೈಡ್‌ನ ತಾಯಿಯ ಮನೆಯಲ್ಲಿ ಊಟ’ ಎಂದು ಟೂರ್ ಕಂಪನಿಯವರು ಮೊದಲು ಕರಪತ್ರದಲ್ಲಿ ಅಚ್ಚು ಹಾಕಿಸಿದರು, ಆಮೇಲೆ ತಾಯಿಯನ್ನು ಹುಡುಕಿದರು. ಕೆಂಗಲ್ ಹತ್ತಿರದ ಹಳ್ಳಿಯಲ್ಲಿ ಚಿಕ್ಕಲಕ್ಷ್ಮಮ್ಮ ಸಿಕ್ಕಳು. ಹೆಂಚಿನ ಮನೆ, ದನದ ಕೊಟ್ಟಿಗೆ, ಫೋಟೋಕ್ಕೆ ಒಪ್ಪುವ ಮುಖ. ಬಸ್ಸು ಬಂದ ದಿನ ಅವಳಿಗೆ ಕೂಲಿ.

ಬಿಡದಿ ದಾಟಿದ ಮೇಲೆ ಲತಾಮಣಿ ಮುಂದಿನ ಸೀಟಿನಲ್ಲಿ ಬಗ್ಗಿ, ಬ್ಯಾಗಿನಿಂದ ತಾಳಿ ತೆಗೆದು ಕೊರಳಿಗೆ ಹಾಕಿಕೊಂಡಳು, ಕಾಲುಂಗುರ ಸಿಕ್ಕಿಸಿಕೊಂಡಳು.

ಡ್ರೈವರ್ ಬಾಲರಾಜು ಕನ್ನಡಿಯಲ್ಲೇ ನಕ್ಕ. "ಮದ್ವೆ ಆಗೋಯ್ತಾ ಅಕ್ಕ?"

"ಆಯ್ತು. ನೀನೇ ಊಟಕ್ಕೆ ಬರ್ಲಿಲ್ಲ."

"ವಾರಕ್ಕೊಂದ್ಸಲ ಆಗೋ ಮದ್ವೆಗೆ ಎಷ್ಟ್ ಸಲ ಅಂತ ಮುಯ್ಯಿ ಹಾಕನ?"

ಬ್ಯಾಗಿನಲ್ಲಿ ಇನ್ನೊಂದಿತ್ತು. ಹೊಸ ಹಸಿರು ರವಿಕೆ ಕಣ. ಊಟವಾದ ಮೇಲೆ ಚಿಕ್ಕಲಕ್ಷ್ಮಮ್ಮ ಅತಿಥಿಗಳ ಎದುರು ಲತಾಮಣಿಗೆ ಮಡಿಲಕ್ಕಿ ಹಾಕುತ್ತಿದ್ದಳು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ತಾಯಿ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ, ಕಣ ಸುರಿದು ಕಳಿಸುವ ಶಾಸ್ತ್ರ. ಅತಿಥಿಗಳು ಬಸ್ಸು ಹತ್ತಿದ ಮೇಲೆ ಲತಾಮಣಿ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಮೊರಕ್ಕೆ ವಾಪಸು ಸುರಿಯುತ್ತಿದ್ದಳು. ಇಡೀ ಸೀಸನ್ನು ಅದೇ ಕೊಬ್ಬರಿ, ಅದೇ ಮಾಸಿದ ಕಣ.

ಇವತ್ತಿನದು ಸೀಸನ್ನಿನ ಕೊನೆಯ ಬಸ್ಸು.

"ಕಣ ನಾನೇ ತಂದೀನಿ," ಎಂದಳು ಬಾಲರಾಜುವಿಗೆ. "ಮಡ್ಲಲ್ಲೇ ಇರ್ಲಿ, ಮಡಿಕೊ ಅಂತ ಅವ್ವ ಅಂದ್ರೆ ಉಗಾದಿಗೆ ಹೋಗ್ತೀನಿ. ಬಸ್ಸಿಲ್ದೆ."

ಬಾಲರಾಜು ಗೇರು ಬದಲಿಸಿದ. "ಅವ್ವ ಅಲ್ಲ ಕಣಕ್ಕ ಅದು, ಕಂಪ್ನಿ ಕೂಲಿ ಕೊಡೋ ಪಾರ್ಟಿ."

ಬಸ್ಸು ಕಂಡದ್ದೇ ಚಿಕ್ಕಲಕ್ಷ್ಮಮ್ಮನ ಗಂಡ ತಿಮ್ಮಯ್ಯ ಟವಲು ಹೆಗಲಿಗೆ ಹಾಕಿಕೊಂಡು ಹಿಪ್ಪುನೇರಳೆ ತೋಟದ ಕಡೆ ನಡೆದ. ಅವನಿಗೆ ಇದೆಲ್ಲ ನಾಚಿಕೆ. ಚಿಕ್ಕಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ಬಂದಳು.

"ಬಂದ್ಯಾ ನನ್ನವ್ವ. ಎಷ್ಟ್ ಸೊರಗೋಗಿದ್ದೀಯೆ."

ಪ್ರತಿ ಸಲವೂ ಇದೇ ಮಾತು. ಪ್ರತಿ ಸಲವೂ ಲತಾಮಣಿ ಅದನ್ನು ಇಂಗ್ಲಿಷಿಗೆ ತಿರುಗಿಸದೆ ತಾನೇ ಇಟ್ಟುಕೊಳ್ಳುತ್ತಿದ್ದಳು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಮುದುಕನೊಬ್ಬ ಮುದ್ದೆಯನ್ನು ಅಗಿದೂ ಅಗಿದೂ ಬೆವರಿದ. "ನುಂಗಕ್ಕೇಳು ಮಗ ಅವಯ್ಯಂಗೆ," ಎಂದಳು ಚಿಕ್ಕಲಕ್ಷ್ಮಮ್ಮ. "ಹಲ್ಲು ಕೈಗೆ ಬಂದ್ರೆ ನಮ್ಮೇಲೆ ಬತ್ತದೆ."

ಆಮೇಲೆ ಮಡಿಲಕ್ಕಿ. ಮೊರದಲ್ಲಿ ಲತಾಮಣಿ ಇಟ್ಟಿದ್ದ ಹೊಸ ಕಣ ನೋಡಿ ಚಿಕ್ಕಲಕ್ಷ್ಮಮ್ಮ ಅದರ ಅಂಚನ್ನು ಬೆರಳಲ್ಲಿ ಉಜ್ಜಿದಳು. ಬೊಗಸೆಯಿಂದ ಅಕ್ಕಿ ಸುರಿದಳು. "ತಣ್ಣಗಿರು ಮಗಳೆ. ಹುಟ್ಟಿದ ಮನೇನೂ ಸೇರಿದ ಮನೇನೂ ತಂಪಾಗಿರ್ಲಿ."

ಬಿಳಿಗೂದಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. "ಏನೆಂದರು ನಿಮ್ಮ ತಾಯಿ?"

"ಬೇಗ ಮತ್ತೆ ಬಾ ಅಂದರು," ಎಂದಳು ಲತಾಮಣಿ.

ಅತಿಥಿಗಳು ಬಸ್ಸಿನತ್ತ ಹೋದರು. ಅಡುಗೆಮನೆಯಲ್ಲಿ ಲತಾಮಣಿ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಬಗ್ಗಲಿಲ್ಲ. ಚಿಕ್ಕಲಕ್ಷ್ಮಮ್ಮ ಮೊರ ಮುಂದೆ ಮಾಡಿದಳು.

"ಸುರೀರಿ ಮೇಡಂ."

"ಅವ್ವ, ಉಗಾದಿಗೆ ಬರ್ಲಾ?"

ಚಿಕ್ಕಲಕ್ಷ್ಮಮ್ಮನ ಕಣ್ಣು ಹೊಳೆಯಿತು. "ಬನ್ನಿ ಬನ್ನಿ. ಎಷ್ಟ್ ಜನ ಆಯ್ತಾರೆ? ಹಬ್ಬ ಅಂದ್ರೆ ಒಬ್ಬಟ್ಟು ಮಾಡ್ಬೇಕು. ಒಸಿ ಜಾಸ್ತಿ ಆಯ್ತದೆ ಅಂತ ಕಂಪ್ನಿಯೋರಿಗೆ ಹೇಳ್ಬುಡಿ."

"ನಾನೊಬ್ಳೇ."

"ಒಬ್ರೇನಾ?" ಮೊರ ತುಸು ಕೆಳಗಿಳಿಯಿತು. ಅವಳ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಗೊಂದಲವಿತ್ತು. "ಅವತ್ತು ಮಗಳು ಅಳಿಯ ಬತ್ತಾರೆ ಮೇಡಂ. ಇದು ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಮಡ್ಲಕ್ಕಿ ಏನು ಆಟದ ಸಾಮಾನಾ ಅಂತ ಉಗೀತಾಳೆ. ಅವಳ ಮುಂದೆ ನಿಮ್ನ ನಾನು ಯಾರು ಅನ್ಲಿ?"

ಹೊರಗೆ ಬಾಲರಾಜು ಹಾರ್ನ್ ಹೊಡೆದ.

ಲತಾಮಣಿ ಬಗ್ಗಿ ಸೆರಗು ಬಿಟ್ಟಳು. ಅಕ್ಕಿ ಸರ್ರನೆ ಮೊರಕ್ಕೆ ಬಿತ್ತು, ಕೊಬ್ಬರಿ ಉರುಳಿತು. ಚಿಕ್ಕಲಕ್ಷ್ಮಮ್ಮ ಕಣವನ್ನು ಕೊಡವಿ, ಮಡಿಕೆಯ ಗೆರೆ ತಪ್ಪದಂತೆ ಮಡಿಸಿದಳು.

"ಚೆನ್ನಾಗೈತೆ. ಹಳೇದು ಮಾಸೋಗಿತ್ತು. ಮುಂದಿನ ಸೀಸನ್‌ಗೆ ಇದೇ ಆಯ್ತದೆ."

"ಆಯ್ತದೆ," ಎಂದಳು ಲತಾಮಣಿ.

ಬಸ್ಸಿನಲ್ಲಿ ಬಿಳಿಗೂದಲಿನ ಹೆಂಗಸು ಅವಳ ಖಾಲಿ ಸೆರಗನ್ನೇ ನೋಡಿ, "ಅಕ್ಕಿ ಎಲ್ಲಿ?" ಎಂದು ಕೇಳಿದಳು. ಸೀಸನ್ನಿಡೀ ಯಾರೂ ಕೇಳಿರದ ಪ್ರಶ್ನೆ.

"ಮರೆತು ಬಂದೆ."

"ಅಯ್ಯೋ, ಬಸ್ಸು ಹಿಂದಕ್ಕೆ ತಿರುಗಿಸಲಿ. ನಾವು ಕಾಯುತ್ತೇವೆ."

"ಬೇಡ. ಅಮ್ಮ ತೆಗೆದಿಟ್ಟಿರುತ್ತಾರೆ."

ಕೆಂಗಲ್ ಆಂಜನೇಯನ ಗುಡಿ ಬಂದಾಗ ಬಾಲರಾಜು ಒಂದು ಕೈಯಲ್ಲೇ ನಮಸ್ಕಾರ ಮಾಡಿ, ತಿರುಗದೆ ಕೇಳಿದ. "ಏನಂದ್ರಕ್ಕ ನಿಮ್ಮವ್ವ?"

"ಎಷ್ಟ್ ಜನ ಬತ್ತಾರೆ ಅಂತ ಕೇಳಿದ್ರು."

ಅವನು ನಗಲಿಲ್ಲ. "ಚನ್ನಪಟ್ಟಣದಾಗೆ ಬೊಂಬೆ ಅಂಗಡಿ ತಾವ ನಿಲ್ಸ್ಲಾ?" ಎಂದ.

"ನಿಲ್ಸು."

ಕಾಲುಂಗುರ ಬಿಗಿಯಾಗಿ ಒತ್ತುತ್ತಿತ್ತು. ಹಿಂದೆ ಇಷ್ಟು ಜನ ನೋಡುತ್ತಿರುವಾಗ ಮೈಸೂರು ಬರುವ ತನಕ ತೆಗೆಯುವಂತಿರಲಿಲ್ಲ. ಲತಾಮಣಿ ಮೈಕಿಗೆ ಕೈ ಹಾಕಿದಳು.