ಒಲೆಯೊಳಗೆ ಚಂಪಾ

ಪರ್ಕಳದ ಬರ್ತಾಬಾಯಿಯ ಹಿತ್ತಲಿನಲ್ಲಿದ್ದ ರೊಟ್ಟಿಯೊಲೆಯನ್ನು ಕಟ್ಟಿಸಿದವನು ಅವಳ ಗಂಡ ಇಮ್ಯಾನುಯೆಲ್. ಅವನು ಸರಕು ಹಡಗಿನಲ್ಲಿ ಅಡುಗೆಯವ. ಹಡಗು ರಿಪೇರಿಗೆಂದು ಇಟಲಿಯ ನೇಪಲ್ಸ್ ಬಂದರಿನಲ್ಲಿ ಒಂದೂವರೆ ತಿಂಗಳು ನಿಂತಿದ್ದಾಗ, ಅಲ್ಲಿನ ಗಲ್ಲಿಯೊಂದರ ಕಟ್ಟಿಗೆ ಒಲೆಯ ಮುಂದೆ ದಿನವೂ ಹೋಗಿ ನಿಂತು ಅದರ ಅಳತೆಯನ್ನೆಲ್ಲ ಬರೆದುಕೊಂಡು ಬಂದಿದ್ದ. ೧೯೫೬ರ ರಜೆಯಲ್ಲಿ ಊರಿಗೆ ಬಂದವನು ಮೇಸ್ತ್ರಿ ಹೂವಪ್ಪನನ್ನು ಕರೆಸಿದ.

ಮೊದಲು ಮುರಕಲ್ಲಿನ ಕಟ್ಟೆ, ಅದರ ಮೇಲೆ ಇಟ್ಟಿಗೆಯ ನೆಲ. ನೆಲದ ಮೇಲೆ ಹೊಯ್ಗೆಯನ್ನು, ಎಂದರೆ ಮರಳನ್ನು, ಬೋರಲು ಹಾಕಿದ ಬಾಣಲೆಯ ಹಾಗೆ ಗುಡ್ಡೆ ಮಾಡಿ, ಒದ್ದೆ ಗೋಣಿ ಹೊದೆಸಿ, ಅದರ ಸುತ್ತ ಇಟ್ಟಿಗೆಯ ಗುಮ್ಮಟ ಏರಿಸಿದರು. ಇಟ್ಟಿಗೆ ಕೂರಿಸಲು ಆವೆಮಣ್ಣು, ಹೊಯ್ಗೆ, ಬೆಲ್ಲದ ನೀರು ಬೆರೆಸಿದ ಗಾರೆ. ಗುಮ್ಮಟದ ಮೇಲೆ ಒಂದು ಮೊಳ ದಪ್ಪ ಮಣ್ಣು. ಹದಿನೈದು ದಿನ ಕಳೆದ ಮೇಲೆ ಹೂವಪ್ಪನ ಹೆಂಡತಿ ಚಂಪಾ ಒಲೆಯ ಬಾಯಿಯಿಂದ ಹೊಯ್ಗೆಯನ್ನು ಬುಟ್ಟಿ ಬುಟ್ಟಿಯಾಗಿ ಹೊರಗೆ ತೆಗೆದಳು. ಗುಮ್ಮಟ ತಾನಾಗಿ ನಿಂತಿತು.

“ಗಾರೆಗೆ ಸ್ವರ್ಣಾ ನದಿಯ ಹೊಯ್ಗೆಯೇ ಹಾಕಿದ್ದಲ್ವಾ?” ಎಂದು ಇಮ್ಯಾನುಯೆಲ್ ಎರಡು ಸಲ ಕೇಳಿದ್ದ.

“ಮತ್ತೆಂತ, ನಾನು ಅಷ್ಟೂ ಗೊತ್ತಿಲ್ಲದವನಾ?” ಎಂದಿದ್ದ ಹೂವಪ್ಪ.

ಮೊದಲ ಬೆಂಕಿಯಲ್ಲಿ ಇಮ್ಯಾನುಯೆಲ್ ತೆಳ್ಳಗೆ ತಟ್ಟಿದ ರೊಟ್ಟಿಯ ಮೇಲೆ ಟೊಮೆಟೊ, ಈರುಳ್ಳಿ, ಒಣ ಸಿಗಡಿ ಹಾಕಿ ಬೇಯಿಸಿ ನೆರೆಹೊರೆಗೆಲ್ಲ ಹಂಚಿದ. ಅದರ ಹೆಸರು ಪಿಜ್ಜಾ ಎಂದ. ಊರಿನವರು ಅದನ್ನು ಹಡಗುರೊಟ್ಟಿ ಎಂದು ಕರೆದರು. ಅವನು ಮರಳಿ ಹಡಗು ಹತ್ತಿದ ಮೇಲೆ ಒಲೆ ಬರ್ತಾಳದ್ದಾಯಿತು. ಮಣಿಪಾಲದ ಗುಡ್ಡದಲ್ಲಿ ಓದುವ ಹುಡುಗರು ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿಯತೊಡಗಿದ್ದ ಕಾಲ ಅದು. ಅವರಿಗೆ ಬೆಳಿಗ್ಗೆ ಬನ್ನು, ಭಾನುವಾರ ಹಡಗುರೊಟ್ಟಿ. ನಾಮಕರಣ, ಮದುವೆಗಳಿಗೆ ಕಡಲ ಬದಿಯ ಕಾಪುವಿನಿಂದಲೂ ಬನ್ನಿಗೆ ಹೇಳಿಕೆ ಬರುತ್ತಿತ್ತು.

ಮಳೆಗಾಲದಲ್ಲಿ ಒಲೆ ತಂಡಿ ಹಿಡಿಯುತ್ತಿತ್ತು. ಮಳೆ ಬಿಟ್ಟ ಮೇಲೆ ಮೂರು ದಿನ ತೆಂಗಿನ ಸಿಪ್ಪೆಯ ಸಣ್ಣ ಬೆಂಕಿ ಇಟ್ಟು ಒಣಗಿಸಿ, ಆರಿದ ಮೇಲೆ ಒಳಗಿನ ಬಿರುಕುಗಳಿಗೆ ಮಣ್ಣು ಮೆತ್ತಬೇಕು. ಒಲೆಯ ಬಾಯಿ ಗೇಣೆರಡು ಅಗಲ. ಹೂವಪ್ಪನ ಹೆಗಲು ಅದರಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಒಳಗೆ ಹೋಗುತ್ತಿದ್ದವಳು ತೆಳ್ಳಗಿನ ಚಂಪಾ. ಅಂಗಾತ ಮಲಗಿ ತಲೆ ಮುಂದಾಗಿ ಜಾರಿಕೊಂಡು ಹೋಗುವಳು. ಪ್ರತಿ ವರ್ಷವೂ ಒಳಗಿನ ಇಟ್ಟಿಗೆಗಳ ಮೇಲೆ ಬಿಳಿ ಹುಡಿ ಎದ್ದಿರುತ್ತಿತ್ತು. ಬರ್ತಾ ಕೇಳಿದಾಗಲೆಲ್ಲ ಹೂವಪ್ಪ, “ಮಳೆಯ ತಂಡಿ ಬಾಯಮ್ಮ, ಎಲ್ಲ ಕಡೆ ಉಂಟು” ಎನ್ನುತ್ತಿದ್ದ.

೧೯೬೧ರ ಅಕ್ಟೋಬರಿನಲ್ಲಿ ಕಾಪುವಿನ ಆಂಟನಿಯ ಮಗಳು ಗ್ಲ್ಯಾಡಿಸಳ ಮದುವೆ. ಆರುನೂರು ಬನ್ನು ಶನಿವಾರ ಬೆಳಿಗ್ಗೆ ಅಲ್ಲಿಗೆ ಮುಟ್ಟಬೇಕಿತ್ತು. ಮೈದಾ ಎರಡು ಗೋಣಿ ಉಡುಪಿಯಿಂದ ಬಸ್ಸಿನ ಮೇಲೆ ಬಂದು ಬಿದ್ದಿತ್ತು. ಗುರುವಾರ ಬೆಳಿಗ್ಗೆ ಹೂವಪ್ಪ, ಚಂಪಾ ಮಣ್ಣು ಮೆತ್ತಲು ಬಂದರು. ಹೂವಪ್ಪ ಒಳಗೆ ಬಗ್ಗಿ ನೋಡಿದ. ನಡುಗುಮ್ಮಟದ ಒಂದು ಇಟ್ಟಿಗೆ ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಅವನು ಬಹಳ ಹೊತ್ತು ಬಗ್ಗಿಯೇ ಇದ್ದ.

“ಎಂತ ಆಗಿದೆ?” ಎಂದಳು ಬರ್ತಾ.

“ಒಂದು ಇಟ್ಟಿಗೆ ಸಡಿಲ. ತೆಗೆದು ಹೊಸ ಗಾರೆ ಹಾಕಿ ಕೂರಿಸಿದರೆ ಆಯ್ತು.”

ಚಂಪಾ ಸೆರಗು ಬಿಗಿದು ಒಳಗೆ ಜಾರಿದಳು. ಹೊರಗೆ ಕಾಣುತ್ತಿದ್ದುದು ಅವಳ ಪಾದಗಳು ಮಾತ್ರ. ಒಳಗೆ ಕತ್ತಲೆ ಎಂದು ಬರ್ತಾ ಕೋಣೆಯ ಕನ್ನಡಿಯನ್ನು ತಂದು, ಹತ್ತು ಗಂಟೆಯ ಬಿಸಿಲನ್ನು ಅದರಲ್ಲಿ ಹಿಡಿದು ಒಲೆಯೊಳಗೆ ಹಾಯಿಸಿದಳು. ಬೆಳಕಿನ ಚೌಕದಲ್ಲಿ ಚಂಪಾಳ ಗದ್ದವೂ ಎತ್ತಿದ ಕೈಗಳೂ ಕಂಡವು. ಅವಳು ಸಡಿಲ ಇಟ್ಟಿಗೆಯನ್ನು ಮೆಲ್ಲನೆ ಎಳೆದಳು. ಅದು ಬಂತು. ಅದರ ಹಿಂದೆಯೇ ಒಣ ಗಾರೆ ಸುರಿಯತೊಡಗಿತು. ನಿಲ್ಲಲಿಲ್ಲ. ಒಂದು ಇಟ್ಟಿಗೆ ಅವಳ ಭುಜದ ಪಕ್ಕದಲ್ಲಿ ಬಿತ್ತು. ಮತ್ತೊಂದು ಬಿತ್ತು. ಚಂಪಾ ಎರಡೂ ಅಂಗೈಗಳನ್ನು ಮೇಲಕ್ಕೆ ಒತ್ತಿ ಹಿಡಿದಳು.

“ಬೀಳ್ತಾ ಉಂಟು,” ಎಂದಳು. ಕೂಗಲಿಲ್ಲ. “ಕೈ ತೆಗೆದರೆ ಎಲ್ಲ ಬೀಳ್ತದೆ.”

ಹೂವಪ್ಪ ಅವಳ ಕಾಲುಗಳನ್ನು ಗಬಕ್ಕನೆ ಹಿಡಿದ.

“ಎಳೆಯಬೇಡ!” ಬರ್ತಾ ಅವನ ತೋಳು ಹಿಡಿದು ಜಗ್ಗಿದಳು. “ನೀನು ಎಳೆದರೆ ಅವಳ ಕೈ ತಪ್ಪುತ್ತದೆ. ಮುಖದ ಮೇಲೆಯೇ ಬೀಳುವುದು.”

“ಹಾಗಾದರೆ ಮೇಲಿನ ಮಣ್ಣು ತೆಗೆಯುತ್ತೇನೆ, ಭಾರ ಇಳಿಯುತ್ತದೆ” ಎಂದು ಅವನು ಹಾರೆ ತೆಗೆದುಕೊಂಡ.

“ಮುಟ್ಟಬೇಡ ಮಾರಾಯ! ಒಂದು ಪೆಟ್ಟಿಗೆ ಎಲ್ಲ ಕೂರುತ್ತದೆ. ಉಳಿದ ಗಾರೆಯಾದರೂ ಹಿಡಿದುಕೊಂಡು ಉಂಟಾ, ಹೇಳು.”

ಹೂವಪ್ಪ ಹಾರೆ ಕೆಳಗಿಟ್ಟ.

“ಇಲ್ಲ ಬಾಯಮ್ಮ. ಯಾವುದೂ ಹಿಡಿದಿರಲಿಕ್ಕಿಲ್ಲ. ಅದು ಕಾಪುವಿನ ಹೊಯ್ಗೆ. ಆಗ ಅಲ್ಲಿ ಒಂದು ಮನೆಯ ಕೆಲಸ ಮುಗಿದಿತ್ತು. ಉಳಿದದ್ದು ಲಾರಿಯಲ್ಲಿ ಬರುತ್ತಿತ್ತು, ಹಾಕಿಸಿಕೊಂಡೆ. ಸಮುದ್ರದ ಉಪ್ಪು. ಒಳಗಿಂದ ಹುಡಿಯಾಗಿ ಹೋಗಿದೆ.”

“ನಿನಗೆ ಗೊತ್ತಿತ್ತಾ?”

“ಎರಡನೇ ವರ್ಷ ಬಿಳಿ ಹುಡಿ ಕಂಡಾಗ ಗೊತ್ತಾಯಿತು.”

ಒಲೆಯ ಬಾಯಿ ಅವರ ಪಕ್ಕದಲ್ಲೇ ಇತ್ತು. ಆಡಿದ್ದೆಲ್ಲ ಒಳಗೆ ಕೇಳುತ್ತಿತ್ತು. ಅಷ್ಟು ಹೊತ್ತು ಅಲುಗುತ್ತಿದ್ದ ಚಂಪಾಳ ಬಲಗಾಲಿನ ಹೆಬ್ಬೆರಳು ನಿಂತಿತು.

ಬರ್ತಾ ಕನ್ನಡಿಯನ್ನು ಅವನ ಕೈಗೆ ಕೊಟ್ಟಳು. “ಬೆಳಕು ತಪ್ಪಿಸಬೇಡ” ಎಂದಷ್ಟೇ ಹೇಳಿ ಸುತ್ತ ನೋಡಿದಳು. ಕಟ್ಟಿಗೆ ಉಂಟು, ಆದರೆ ಆಧಾರ ಕೊಟ್ಟು ನಿಲ್ಲಿಸಲು ಒಳಗೆ ಕೈ ಬೇಕು, ಒಳಗಿರುವವಳ ಕೈ ಎರಡೂ ಮೇಲಿವೆ. ಕಟ್ಟಿಗೆ ಉರುಳಿದರೆ ಅವಳ ಮೇಲೆಯೇ. ಗುಮ್ಮಟ ಕಟ್ಟಿದ್ದು ಹೊಯ್ಗೆಯ ಗುಡ್ಡೆಯ ಮೇಲೆ, ಈಗಲೂ ಅಂಥದ್ದೇ ಒಂದು ಬೇಕು. ಹೊಯ್ಗೆ ಇದ್ದದ್ದು ಒಂದು ಬುಟ್ಟಿ. ಜಗಲಿಯಲ್ಲಿ ಮೈದಾದ ಎರಡು ಗೋಣಿ ಇದ್ದವು.

ಅವಳು ಓಡಿದಳು. ದಿಂಬಿನ ಚೀಲ ಆರು ಸಿಕ್ಕಿದವು. ಸಾಲದೆ ಪೆಟ್ಟಿಗೆಯಿಂದ ಇಮ್ಯಾನುಯೆಲನ ಎರಡು ಹಡಗಿನ ಪ್ಯಾಂಟು ಎಳೆದು, ಕಾಲುಗಳ ಕೊನೆಗೆ ಬಾಳೆನಾರು ಬಿಗಿದಳು. ಗೋಣಿಯ ಹೊಲಿಗೆಯನ್ನು ಮೀನಿನ ಕತ್ತಿಯಿಂದ ಸೀಳಿ, ಮೈದಾ ತುಂಬಿ, ನೆಲಕ್ಕೆ ಕುಟ್ಟಿ ಕುಟ್ಟಿ ಗಟ್ಟಿ ಮಾಡಿದಳು.

“ಚಂಪಾ, ಕೇಳ್ತದಾ? ಹಿಟ್ಟಿನ ಚೀಲ ಒಳಗೆ ತಳ್ಳುತ್ತೇನೆ. ನಿನ್ನ ಎರಡು ಬದಿಗೆ. ಉಸಿರು ಕಟ್ಟಿದರೆ ಹೇಳು.”

“ಬೇಗ ಮಾಡಿ ಬಾಯಮ್ಮ. ಎಡಗೈ ಸತ್ತ ಹಾಗೆ ಆಗಿದೆ.”

ರೊಟ್ಟಿ ತಳ್ಳುವ ಉದ್ದ ಹಿಡಿಯ ಹಲಗೆಯ ಮೇಲೆ ಚೀಲವನ್ನು ಇಟ್ಟು ಬರ್ತಾ ಮೆಲ್ಲನೆ ಒಳಗೆ ಸರಿಸಿದಳು. ಐದು ವರ್ಷ ದಿನವೂ ಅದೇ ಹಲಗೆಯಿಂದ ಬನ್ನಿನ ತಟ್ಟೆಗಳನ್ನು ಬೇಕಾದ ಜಾಗಕ್ಕೆ ಸರಿಸಿದ ಕೈ ಅದು. ಬಲಕ್ಕೆ ಎರಡು, ಎಡಕ್ಕೆ ಎರಡು. ಅವುಗಳ ಮೇಲೆ ಮತ್ತೊಂದೊಂದು. ಮಣ್ಣು ಸುರಿಯುತ್ತಲೇ ಇತ್ತು. ಒಳಗೆ ಹಿಟ್ಟಿನ ಹೊಗೆ ಎದ್ದು ಚಂಪಾ ಕೆಮ್ಮಿದಳು. ಕೆಮ್ಮಿದಾಗ ಮತ್ತೊಂದು ಇಟ್ಟಿಗೆ ಬಿತ್ತು. ಹೂವಪ್ಪನ ಕೈಯಲ್ಲಿ ಕನ್ನಡಿ ತಪ್ಪಿ ಒಳಗೆ ಪೂರ್ತಿ ಕತ್ತಲಾಯಿತು.

“ಬೆಳಕು! ಬೆಳಕು ಹಿಡಿ!” ಬರ್ತಾ ಕಿರುಚಿದಳು.

ಬೆಳಕು ಮರಳಿತು. ಚಂಪಾಳ ಮುಖ, ಕತ್ತು, ಕೂದಲು ಎಲ್ಲ ಬೆಳ್ಳಗಾಗಿದ್ದವು. ಕಣ್ಣು ಮುಚ್ಚಿತ್ತು. ಕೈಗಳು ಮಾತ್ರ ಮೇಲೆಯೇ.

ಕೊನೆಗೆ ಪ್ಯಾಂಟುಗಳನ್ನು ಒಂದೊಂದಾಗಿ ಮಡಚಿ, ಗುಮ್ಮಟಕ್ಕೂ ಚೀಲಗಳಿಗೂ ನಡುವೆ ಸಿಕ್ಕುವ ಹಾಗೆ ನೂಕಿ, ಹಲಗೆಯ ಅಂಚಿನಿಂದ ಬಿಗಿಯಾಗಿ ತುರುಕಿದಳು.

“ಈಗ ಬಲಗೈ ಸ್ವಲ್ಪ ಸಡಿಲ ಮಾಡು. ಪೂರ್ತಿ ಬಿಡಬೇಡ.”

ಚಂಪಾ ಬಲಗೈ ಒಂದು ಬೆರಳಿನಷ್ಟು ಇಳಿಸಿದಳು. ಗುಮ್ಮಟ ಕರಕರ ಎಂದಿತು, ಪ್ಯಾಂಟಿನ ಮೇಲೆ ಕೂತಿತು, ನಿಂತಿತು. ಅವಳು ಎಡಗೈಯನ್ನೂ ಇಳಿಸಿ ಎದೆಗೆ ಒತ್ತಿಕೊಂಡಳು.

“ಈಗ ಎಳಿ!” ಎಂದಳು ಬರ್ತಾ.

ಇಬ್ಬರೂ ಒಂದೊಂದು ಕಾಲು ಹಿಡಿದು ಎಳೆದರು. ಒರಟು ಇಟ್ಟಿಗೆಯ ನೆಲದ ಮೇಲೆ ಅವಳ ಬೆನ್ನು ಉದ್ದಕ್ಕೂ ಗೀರಿತು. ತಲೆ ಹೊರಗೆ ಬಂದು ಮೂವರೂ ಅಂಗಳದಲ್ಲಿ ಬಿದ್ದರು. ಏಳುವುದರೊಳಗೆ ಒಳಗೆ ಬಟ್ಟೆ ಹರಿದ ಸದ್ದಾಯಿತು. ಮರುಕ್ಷಣ ಒಲೆಯ ಬೆನ್ನು ಕುಸಿಯಿತು. ಬಾಯಿಯಿಂದ ಬಿಳಿ ಹಿಟ್ಟು, ಕೆಂಪು ಮಣ್ಣು ಒಟ್ಟಿಗೆ ಉಗುಳಿದ ಹಾಗೆ ಹೊರಗೆ ಚೆಲ್ಲಿದವು.

ಚಂಪಾ ಎದ್ದು ಕೂತಳು. ಅಂಗೈಗಳ ತೊಗಲು ಸುಲಿದಿತ್ತು. ಬರ್ತಾ ನೀರು ಕೊಟ್ಟರೆ ಲೋಟ ಹಿಡಿಯಲು ಬೆರಳು ಮಡಚಲಿಲ್ಲ. ಕುಡಿಸಬೇಕಾಯಿತು. ಹೂವಪ್ಪ ಹತ್ತಿರ ಬಂದು ಕುಕ್ಕರಿಸಿದ.

“ನಾಲ್ಕು ವರ್ಷ,” ಎಂದಳು ಚಂಪಾ. “ಗೊತ್ತಿದ್ದೂ ನಾಲ್ಕು ವರ್ಷ ನನ್ನನ್ನು ಒಳಗೆ ಕಳಿಸಿದಿರಿ.”

“ಹೀಗಾಗುತ್ತದೆಂದು ನಾನು ಎಣಿಸಲಿಲ್ಲ.”

“ನಿಮ್ಮ ಹೆಗಲು ಆ ಬಾಯಿಯಲ್ಲಿ ಹಿಡಿಯುತ್ತಿದ್ದರೆ ಎಣಿಸುತ್ತಿದ್ದಿರಿ.”

ಆ ದಿನ ಚಂಪಾ ಅವನ ಜೊತೆ ಹೋಗಲಿಲ್ಲ. ಬರ್ತಾಳ ಮನೆಯಲ್ಲೇ ಉಳಿದಳು.

ಬರ್ತಾ ಮಧ್ಯಾಹ್ನದ ಬಸ್ಸಿಗೆ ಕಾಪುವಿಗೆ ಹೋಗಿ ಆಂಟನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ನೆಂಟರ ಮುಂದೆ ಎಂತ ಮಾಡುವುದು ಎಂದು ಎರಡು ಮಾತು ಗಟ್ಟಿಯಾಗಿಯೇ ಆಡಿದ. ಗ್ಲ್ಯಾಡಿಸ್ ಒಳಗಿಂದ ಬಂದು, “ಆ ಹೆಂಗಸು ಬದುಕಿದ್ದಾಳಲ್ವಾ?” ಎಂದು ಕೇಳಿದ ಮೇಲೆ ಕೇರಿಯವರಿಗೆ ಹೇಳಿ ಕಳಿಸಿದ. ಕೇರಿಯ ಹೆಂಗಸರೆಲ್ಲ ಅಕ್ಕಿ ನೆನೆಹಾಕಿ ಇಡ್ಲಿಯಂಥ ಸನ್ನ ಬೇಯಿಸಿದರು. ಮದುವೆಯೂಟ ಅದರಲ್ಲೇ ನಡೆಯಿತು.

ಹೂವಪ್ಪ ಹದಿಮೂರು ದಿನ ಕಳೆದು ಬಂದ. ಒಲೆಯನ್ನು ಮತ್ತೆ ಕಟ್ಟಿಕೊಡುತ್ತೇನೆ, ಕೂಲಿ ಬೇಡ ಎಂದ. ಬರ್ತಾ ಚಂಪಾಳ ಕಡೆ ನೋಡಿದಳು.

“ಹೊಯ್ಗೆ ನಾನು ತರುತ್ತೇನೆ,” ಎಂದಳು ಚಂಪಾ. “ಬಾಯಿ ನಿಮ್ಮ ಹೆಗಲಿನ ಅಳತೆಗೆ ಇರಲಿ. ಇನ್ನು ಮೇಲೆ ಒಳಗೆ ಹೋಗುವವರು ನೀವು.”

ಅವಳು ಸ್ವರ್ಣೆಗೆ ಇಳಿದು, ಬುಟ್ಟಿ ಬುಟ್ಟಿಗೂ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ ಹೊಯ್ಗೆ ಹೊರಿಸಿದಳು. ಹೂವಪ್ಪ ಒಬ್ಬನೇ ಕಟ್ಟಿದ. ಅಚ್ಚಿನ ಹೊಯ್ಗೆಯನ್ನು ಒಬ್ಬನೇ ತೆಗೆದ. ಬುಡದ್ದು ಬಾಚಲು ಗುಮ್ಮಟದ ಕೆಳಗೆ ಮಲಗಿ ಸೊಂಟದವರೆಗೆ ಒಳಗೆ ಹೋದಾಗ ಅವನ ಕಾಲುಗಳು ನಡುಗಿದ್ದನ್ನು ಇಬ್ಬರು ಹೆಂಗಸರೂ ನೋಡಿದರು. ಏಳು ದಿನ ಸಿಪ್ಪೆಯ ಬೆಂಕಿ ಇಟ್ಟರು. ಮೊದಲ ದಿನ ಕೈಯಿಟ್ಟರೆ ಬೆಚ್ಚಗೆ ಎನಿಸುವಷ್ಟು, ಮರುದಿನ ಸ್ವಲ್ಪ ಹೆಚ್ಚು. ಗುಮ್ಮಟದಿಂದ ಆವಿ ಬರುವುದು ನಿಂತ ಮೇಲೆಯೇ ದೊಡ್ಡ ಕಟ್ಟಿಗೆ.

ದೊಡ್ಡ ಕಟ್ಟಿಗೆ ಉರಿಸಿದ ಸಂಜೆ ಬರ್ತಾ ಮೊದಲ ಹಡಗುರೊಟ್ಟಿಯನ್ನು ತೆಗೆದು ಬಾಳೆಲೆಯ ಮೇಲೆ ಚಂಪಾಳ ಕೈಗೆ ಕೊಟ್ಟಳು. ಎಡಗೈಯ ಎರಡು ಬೆರಳು ಆಗಲೂ ಸರಿಯಾಗಿ ಮಡಚುತ್ತಿರಲಿಲ್ಲ. ಚಂಪಾ ಒಲೆಗೆ ಬೆನ್ನು ಹಾಕಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿಂದಳು. ಹೂವಪ್ಪ ದೂರದಲ್ಲಿ ನಿಂತೇ ಇದ್ದ. ಅರ್ಧ ತಿಂದ ಮೇಲೆ ಅವಳು ಉಳಿದದ್ದನ್ನು ಎಲೆಯ ಸಮೇತ ಕಲ್ಲಿನ ಆ ತುದಿಗೆ ಸರಿಸಿದಳು. ಅವನು ಬಂದು, ಕಲ್ಲಿನ ಮೇಲೆ ಕೂರದೆ ನೆಲದಲ್ಲಿ ಕೂತು, ಅದನ್ನು ತೆಗೆದುಕೊಂಡ.