ಬೇರಿನ ಬೂಷ್ಟು

"ಅಮ್ಮನ ಗಿಡ ಮುಟ್ಟಬೇಡಿ ಅಂದಿದ್ನಲ್ಲ!"

ಹುಡುಗಿಯ ಕೂಗು ಕೇಳುವಷ್ಟರಲ್ಲಿ ಪೈನ್ ಗಿಡ ಕುಂಡದಿಂದ ಹೊರಬಂದು ಹಳೆಯ ಪತ್ರಿಕೆಯ ಮೇಲೆ ಅಡ್ಡ ಮಲಗಿತ್ತು. ಮೊಣಕೈಯುದ್ದದ ಬೋನ್ಸಾಯ್, ಅವಳ ಅಪ್ಪನ ಮೊದಲ ಹೆಂಡತಿ ಸಾಕಿ ಬಿಟ್ಟುಹೋದದ್ದು. ಎರಡನೆಯವಳು ಮನೆಗೆ ಕಾಲಿಟ್ಟ ಮೇಲೆ ಅದರ ಸೂಜಿಯೆಲೆಗಳು ಹಳದಿಯಾಗುತ್ತ ಬಂದಿದ್ದವು. ವರಸೆಯಲ್ಲಿ ಅವಳು ಚಿಕ್ಕಮ್ಮ, ಆದರೆ ಹುಡುಗಿಯ ಬಾಯಲ್ಲಿ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ನರ್ಸರಿಯಲ್ಲಿ ಕಂಡವರ ಗಿಡಗಳಿಗೆಲ್ಲ ಮದ್ದು ಹೇಳುವವಳ ಕೈಯಲ್ಲಿ ಈ ಗಿಡ ಸತ್ತರೆ ಆ ಮಾತು ಇನ್ನು ಬರುವುದೂ ಇಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಹುಡುಗಿ ಬಗ್ಗಿ ನೋಡಿದಳು. ಬೇರುಗಳ ತುಂಬ ಬಿಳಿ ಬಲೆ. "ಇಶ್ಶಿ, ಬೂಷ್ಟು! ಇದೇ ತಿಂತಿರೋದು." ತೊಳೆಯಲು ಗಿಡವನ್ನು ಎತ್ತಿಕೊಂಡೇಬಿಟ್ಟಳು.

"ತಡಿಯಮ್ಮಾ, ತೊಳೆದ್ರೆ ಗಿಡ ಹೋಯ್ತು! ಮೂಸಿ ನೋಡು."

ಮೂಗು ಸಿಂಡರಿಸಿಕೊಂಡೇ ಮೂಸಿದಳು. ತಾಜಾ ಅಣಬೆಯ ವಾಸನೆ.

"ಇದು ಬೇರಿಗೆ ನೀರು, ಸತ್ವ ತಂದುಕೊಡೋ ಜಾತಿ. ಮೊದಮೊದಲು ಬೇರೂ ಕಳ್ಳ ಬಂದ ಅಂತ ಬಾಗಿಲು ಹಾಕತ್ತೆ. ಆಮೇಲೆ ಗುರುತು ಸಿಕ್ಕಿ ಒಳಗೆ ಬಿಟ್ಕೊಳ್ಳತ್ತೆ." ಹೇಳಿದ ಮೇಲೆ ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಗಿಡದ ನೆಪದಲ್ಲಿ ತನ್ನ ವಕಾಲತ್ತು ಮಾಡಿಕೊಂಡ ಹಾಗಾಯಿತಲ್ಲ!

"ಮತ್ಯಾಕೆ ಸಾಯ್ತಿದೆ?" ಹುಡುಗಿಯ ದನಿ ಒಡೆಯಿತು.

ಚಿಕ್ಕಮ್ಮ ತಳದ ಕಂದು ಬೇರೊಂದನ್ನು ಉಗುರಲ್ಲಿ ಹಿಡಿದೆಳೆದಳು. ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಬಂತು. ಒಳಗೆ ಬರೀ ದಾರ, ಕೆಟ್ಟ ನಾತ. "ಕೊಲ್ಲೋ ಬೂಷ್ಟು ಇಲ್ಲಿದೆ, ಕಣ್ಣಿಗೆ ಕಾಣಲ್ಲ. ನೀರು ನಿಂತು ಬೇರು ಉಸಿರುಕಟ್ಟಿದಾಗ ನುಗ್ಗತ್ತೆ, ತಡೆಯೋ ಶಕ್ತಿ ಇರಲ್ಲ. ಆದ್ರೆ ನಾನು ಬೆಳಿಗ್ಗೆ ಹಾಕೋದೇ ಒಂದು ಲೋಟ…"

"ನೀವು ಹಾಕ್ತಿದ್ರಾ?" ಹುಡುಗಿಯ ಮುಖ ಬಿಳಿಚಿಕೊಂಡಿತು. "ನೀವು ಹಾಕಲ್ಲ ಅಂದ್ಕೊಂಡು ಸಂಜೆ ನಾನು ಹಾಕ್ತಿದ್ದೆ."

ಚಿಕ್ಕಮ್ಮ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸುತ್ತ ಹೋದಳು. ಬಿಳಿ ಬಲೆ ಹರಿಯದ ಹಾಗೆ ಹುಡುಗಿ ಗಿಡ ಹಿಡಿದುಕೊಂಡಳು. ನೀರು ನಿಲ್ಲದ ಹೊಸ ಮಣ್ಣು ತುಂಬಿ ನೆಟ್ಟದ್ದಾಯಿತು.

"ಇನ್ಮೇಲೆ ಬೆರಳೂರಿ ನೋಡೋಣ. ಒಣಗಿದ್ರೆ ಮಾತ್ರ ನೀರು."

"ಬದುಕತ್ತಾ?"

"ಗೊತ್ತಿಲ್ಲ." ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ನೀರು ಹಿಡಿದು ಬಂದಾಗ ಕುಂಡದ ಅಂಚಿನಲ್ಲಿ ಆಗಲೇ ಒಂದು ಸಣ್ಣ ಬೆರಳಿನ ಗುಳಿ ಇತ್ತು. ಅದರ ಪಕ್ಕದಲ್ಲೇ ತನ್ನ ಬೆರಳೂರಿದಳು. ಮಣ್ಣು ಇನ್ನೂ ತಂಪಾಗಿತ್ತು. ಗುಳಿಗಳೆರಡನ್ನೂ ಮುಚ್ಚದೆ, ತುಂಬಿದ ಲೋಟವನ್ನು ವಾಪಸು ಒಯ್ದಳು.